ತೊಳೆದ್ರೂ ಗಾಜು ಮಬ್ಬು ಯಾಕೆ? ಕಾರಿನ ಗಾಜಿನ ಬಗ್ಗೆ ಓದುಗರ ಪ್ರಶ್ನೆಗಳಿಗೆ ಉತ್ತರ

ಕಾರಿನ ಗಾಜು ಕ್ಲೀನ್ ಮಾಡೋದರ ಬಗ್ಗೆ ಏನಾದ್ರೂ ಕೇಳೋದಿದ್ರೆ ಬರೀರಿ ಅಂತ ಹೋದ ಸಂಚಿಕೆಯಲ್ಲಿ ಕೇಳಿದ್ವಿ, ತುಂಬಾ ಜನ ಬರೆದಿದ್ದೀರ, ಖುಷಿ ಆಯ್ತು. ಎಲ್ಲಾ ಪತ್ರ ಓದಿದ ಮೇಲೆ ಒಂದು ಮಾತು ಮೊದಲೇ ಹೇಳ್ಬಿಡ್ತೀನಿ. ಸುಮಾರು ಜನ "ಯಾವ ಲಿಕ್ವಿಡ್ ಒಳ್ಳೇದು" ಅಂತ ಕೇಳಿದ್ದೀರ, ಆದ್ರೆ ಅದಕ್ಕಿಂತ ಮೊದಲು ಕೇಳ್ಬೇಕಾಗಿರೋದು ಗಾಜಿನ ಮೇಲೆ ಕೂತಿರೋ ಕೊಳೆ ಯಾವುದು ಅಂತ. ಜಿಡ್ಡಿಗೆ ಬೇಕಾಗಿರೋದೇ ಬೇರೆ, ಬೋರ್ ನೀರಿನ ಕಲೆಗೆ ಬೇಕಾಗಿರೋದೇ ಬೇರೆ, ಸ್ಟಿಕ್ಕರ್ ಅಂಟಿಗೆ ಇನ್ನೊಂದು, ಧೂಳಿಗಂತೂ ಬರೀ ನೀರು ಸಾಕು. ಇದು ಗೊತ್ತಿಲ್ದೆ ನೂರಾರು ರೂಪಾಯಿ ಬಾಟ್ಲಿ ತಂದು ಉಜ್ಜಿದ್ರೂ ಗಾಜು ಹಾಗೇ ಇರತ್ತೆ.

ಪ್ರಶ್ನೆ: ಸರ್, ದಿನಾ ಮುಂಜಾನೆ ಗಾಡಿ ತೊಳಿತೀನ್ರಿ, ಗ್ಲಾಸಿಗೆ ನೀರು ಹೊಡದು ಒರಸ್ತೀನಿ, ಹಗಲೊತ್ತಿನ್ಯಾಗ ಛಲೋ ಕಾಣ್ತದ. ಆದ್ರ ರಾತ್ರಿ ಹೈವೇದಾಗ ಎದುರಿಂದ ಲಾರಿ ಲೈಟ್ ಬಿತ್ತಂದ್ರ ಇಡೀ ಗ್ಲಾಸ್ ಬೆಳ್ಳಗಾಗಿ ಮುಂದಿನ ರೋಡೇ ಕಾಣಂಗಿಲ್ಲ. ಕಣ್ಣಿನ ಡಾಕ್ಟರ್ ಕಡೆ ತೋರಿಸ್ದೆ, ಕಣ್ಣು ಆರಾಮ್ ಅದಾವ ಅಂದ್ರು. ಗ್ಲಾಸ್ ಚೇಂಜ್ ಮಾಡಸ್ಬೇಕೇನ್ರಿ? (ಓದುಗರು, ಹುಬ್ಬಳ್ಳಿ)

ಉತ್ತರ: ಈಗಲೇ ಚೇಂಜ್ ಮಾಡಿಸೋಕೆ ಹೋಗ್ಬೇಡಿ ಸರ್. ನೀವು ದಿನಾ ತೊಳೀತಿರೋದು ಹೊರಗಡೆ, ನಿಮ್ಮ ತೊಂದ್ರೆ ಇರೋದು ಬಹುಶಃ ಒಳಗಡೆ. ಒಳಗಿನ ಗಾಜನ್ನ ಕೊನೇ ಸಲ ಯಾವಾಗ ಒರೆಸಿದ್ದು ಅಂತ ನೆನಪು ಮಾಡ್ಕೊಳ್ಳಿ. ಒದ್ದೆ ಕೈಯಲ್ಲಿ ಹಬೆ ಒರೆಸಿದ್ದು ಬಿಟ್ರೆ ಹೆಚ್ಚಿನವರು ಒಳಗೆ ಮುಟ್ಟೋದೇ ಇಲ್ಲ.

ಒಳಗೆ ಧೂಳು ಬರಲ್ವಲ್ಲ, ಕೊಳೆ ಎಲ್ಲಿಂದ ಬರತ್ತೆ ಅಂತ ಕೇಳ್ತೀರೇನೋ. ಡ್ಯಾಶ್‌ಬೋರ್ಡ್ ಮೇಲಿರೋ ಪ್ಲಾಸ್ಟಿಕ್, ರೆಕ್ಸಿನ್, ಅಂಟು ಇವೆಲ್ಲ ಮೆತ್ತಗಿರ್ಲಿ ಅಂತ ಅದರಲ್ಲಿ ಎಣ್ಣೆ ಥರದ ಕೆಮಿಕಲ್ ಸೇರಿಸಿರ್ತಾರೆ, ಬಿಸಿಲಲ್ಲಿ ಗಾಡಿ ನಿಲ್ಸಿದಾಗ ಒಳಗೆ ಕಾದು ಅದು ಸ್ವಲ್ಪ ಸ್ವಲ್ಪವೇ ಆವಿಯಾಗಿ ಮೇಲೆ ಬರತ್ತೆ, ಬಂದು ಮುಂದಿನ ಗಾಜಿಗೆ ತೆಳ್ಳಗೆ ಕೂತ್ಕೊಳತ್ತೆ. ಹೊಸ ಕಾರಲ್ಲಿ ಬರೋ "ಹೊಸ ವಾಸನೆ" ಅಂತೀವಲ್ಲ ಅದೂ ಇದೇ ಕುಟುಂಬ, ಅದಕ್ಕೇ ಹೊಸ ಗಾಡೀಲಿ ಈ ಮಬ್ಬು ಇನ್ನೂ ಬೇಗ ಬರತ್ತೆ. ಅದರ ಮೇಲೆ ಸಿಗರೇಟ್ ಹೊಗೆ, ಅಗರಬತ್ತಿ ಹೊಗೆ, ಉಸಿರಿನ ತೇವ, ಸರ್ವಿಸ್ ಮಾಡಿಸಿದಾಗ ಡ್ಯಾಶ್‌ಬೋರ್ಡ್ ಮಿರಮಿರ ಮಿಂಚೋ ಹಾಗೆ ಹಚ್ಚೋ ಸಿಲಿಕಾನ್ ಪಾಲಿಶ್, ಎಲ್ಲಾ ಸೇರಿ ಒಂದು ಜಿಡ್ಡಿನ ಪದರ ಆಗತ್ತೆ. ಹಗಲಲ್ಲಿ ಎಲ್ಲಾ ಕಡೆಯಿಂದ ಬೆಳಕು ಬರೋದ್ರಿಂದ ಅದು ಕಣ್ಣಿಗೆ ಬೀಳಲ್ಲ. ರಾತ್ರಿ ಕತ್ತಲಲ್ಲಿ ಒಂದೇ ಕಡೆಯಿಂದ ಜೋರು ಬೆಳಕು ಬಂದಾಗ ಆ ಜಿಡ್ಡು ಬೆಳಕನ್ನ ಚದುರಿಸಿ ಇಡೀ ಗಾಜನ್ನ ಬೆಳ್ಳಗೆ ಮಾಡತ್ತೆ. ಬೆಳಿಗ್ಗೆ, ಸಂಜೆ ಸೂರ್ಯ ಎದುರಿಗೆ ಇದ್ದಾಗ್ಲೂ ಇದೇ ಕಥೆ. ಆ ಒಂದೆರಡು ಸೆಕೆಂಡಲ್ಲಿ ರೋಡ್ ಬದಿ ನಡ್ಕೊಂಡು ಹೋಗ್ತಿರೋ ಮನುಷ್ಯ ಕಾಣಲ್ಲ, ಲೈಟಿಲ್ದೆ ಹೋಗೋ ಟ್ರ್ಯಾಕ್ಟರ್ ಟ್ರೇಲರ್ ಕಾಣಲ್ಲ, ನಮ್ಮ ಕಡೆ ಕಬ್ಬಿನ ಸೀಸನ್ನಲ್ಲಿ ಓಡಾಡಿದವರಿಗೆ ನಾನು ಏನು ಹೇಳ್ತಿದ್ದೀನಿ ಅಂತ ಗೊತ್ತಾಗತ್ತೆ. ಅದಕ್ಕೇ ಈ ಪ್ರಶ್ನೆಯನ್ನ ಮೊದಲು ತಗೊಂಡೆ.

ಈಗ ಕ್ಲೀನ್ ಮಾಡೋದು. ಗಾಡೀನ ನೆರಳಲ್ಲಿ ನಿಲ್ಸಿ, ಗಾಜು ಮುಟ್ಟಿದ್ರೆ ತಣ್ಣಗಿರ್ಬೇಕು. ಎರಡು ಮೈಕ್ರೋಫೈಬರ್ ಬಟ್ಟೆ ಬೇಕು, ಆದಷ್ಟೂ ತೆಳ್ಳಗಿರೋದು, ಟವೆಲ್ ಥರ ಗುಂಜು ಇರೋದು ಬೇಡ, ಅದು ಜಿಡ್ಡನ್ನ ಸುಮ್ನೆ ಹರಡತ್ತೆ. ಒಂದನ್ನ ನೀರಲ್ಲಿ ಅದ್ದಿ ಚೆನ್ನಾಗಿ ಹಿಂಡಿ ಮೊದಲು ಧೂಳು ತೆಗೀರಿ. ಆಮೇಲೆ ಜಿಡ್ಡಿಗೆ ಐಸೋಪ್ರೊಪೈಲ್ ಆಲ್ಕೋಹಾಲ್ ತುಂಬಾ ಒಳ್ಳೇದು, ಮೆಡಿಕಲ್ ಶಾಪಲ್ಲೋ ಎಲೆಕ್ಟ್ರಾನಿಕ್ಸ್ ಸ್ಪೇರ್ ಅಂಗಡೀಲೋ ಐಪಿಎ ಅಂತ ಕೇಳಿದ್ರೆ ಕೊಡ್ತಾರೆ, ಅದಕ್ಕೆ ಅಷ್ಟೇ ಪ್ರಮಾಣ ಆರ್‌ಓ ನೀರು ಸೇರಿಸಿ ಸ್ಪ್ರೇ ಬಾಟ್ಲಿಗೆ ಹಾಕ್ಕೊಳ್ಳಿ. ಸ್ಪ್ರೇನ ಬಟ್ಟೆಗೆ ಹೊಡೀರಿ, ಗಾಜಿಗೆ ಹೊಡೀಬೇಡಿ, ಹೊಡೆದ್ರೆ ಅದು ಕೆಳಗೆ ಇಳಿದು ಡ್ಯಾಶ್‌ಬೋರ್ಡ್ ಮೇಲೆ, ಸ್ಪೀಕರ್ ಜಾಲರಿ ಒಳಗೆ ಹೋಗತ್ತೆ. ಆಲ್ಕೋಹಾಲ್ ಬೇಗ ಹತ್ಕೊಳತ್ತೆ, ಹಾಗಾಗಿ ಡೋರೆಲ್ಲಾ ತೆಗೆದಿಟ್ಟು ಮಾಡಿ, ಹತ್ತಿರ ಬೀಡಿ ಸಿಗರೇಟ್ ಬೇಡವೇ ಬೇಡ. ಒರೆಸಿದ ತಕ್ಷಣ, ಒಣಗೋಕೆ ಬಿಡದೆ, ಎರಡನೇ ಒಣ ಬಟ್ಟೆಯಿಂದ ಒರೆಸಿ. ಬಟ್ಟೆಯನ್ನ ನಾಲ್ಕು ಮಡಿಕೆ ಮಾಡ್ಕೊಂಡು ಮಡಿಕೆ ತಿರುಗಿಸ್ತಾ ತಿರುಗಿಸ್ತಾ ಹೋಗಿ, ಯಾಕಂದ್ರೆ ಒಂದೇ ಭಾಗದಲ್ಲಿ ಒರೆಸ್ತಾ ಇದ್ರೆ ತೆಗೆದ ಜಿಡ್ಡನ್ನೇ ವಾಪಸ್ ಹಚ್ತಿರ್ತೀರ. ಮೊದಲ ಸಲಕ್ಕೆ ಬಟ್ಟೆ ಕಂದು ಬಣ್ಣಕ್ಕೆ ತಿರುಗಿದ್ರೆ ಆಶ್ಚರ್ಯ ಪಡ್ಬೇಡಿ, ಇನ್ನೊಂದು ಸಲ ಮಾಡಿ.

ಡ್ಯಾಶ್‌ಬೋರ್ಡ್ ಹತ್ರ ಗಾಜು ಚೂಪಾಗಿ ಇಳಿದಿರೋ ಜಾಗಕ್ಕೆ ಕೈ ಹೋಗಲ್ಲ ಅಂತ ಎಲ್ಲರೂ ಅಲ್ಲಿ ಅರ್ಧ ಚಂದ್ರ ಬಿಟ್ಬಿಡ್ತಾರೆ. ಡ್ರೈವರ್ ಸೀಟಲ್ಲಿ ಕೂತ್ಕೊಂಡು ಮಾಡಿದ್ರೆ ಸ್ಟೀರಿಂಗ್ ಅಡ್ಡ ಬರತ್ತೆ, ಪಕ್ಕದ ಸೀಟಿಂದ ಕೈ ಹಾಕಿ. ಅಂಗೈ ಮೇಲೆ ಬರೋ ಹಾಗೆ ಕೈ ಮಗುಚಿ, ಬೆರಳಿನ ಹಿಂಭಾಗ ಡ್ಯಾಶ್‌ಬೋರ್ಡ್ ಮೇಲೆ ಜಾರಿಸ್ತಾ ಬೆರಳಿನ ತುದೀಲಿ ಬಟ್ಟೆ ಒತ್ತಿ ಎಳೆದ್ರೆ ಆ ಮೂಲೆಗೂ ಹೋಗತ್ತೆ.

ಇನ್ನೊಂದು ಉಪಾಯ ಹೇಳ್ತೀನಿ, ಇದನ್ನ ನಮ್ಮ ಗ್ಯಾರೇಜಲ್ಲಿ ಹೊಸದಾಗಿ ಸೇರೋ ಹುಡುಗ್ರಿಗೆ ಮೊದಲ ದಿನವೇ ಹೇಳ್ಕೊಡ್ತೀವಿ. ಒಳಗಡೆ ಮೇಲಿಂದ ಕೆಳಕ್ಕೆ ಒರೆಸಿ, ಹೊರಗಡೆ ಎಡದಿಂದ ಬಲಕ್ಕೆ ಒರೆಸಿ. ಕೊನೇಲಿ ಎಲ್ಲಾದ್ರೂ ಗೆರೆ ಉಳಿದಿದ್ರೆ, ಗೆರೆ ಉದ್ದಕ್ಕೆ ಇದ್ರೆ ಒಳಗಿಂದು, ಅಡ್ಡ ಇದ್ರೆ ಹೊರಗಿಂದು. ಇಲ್ಲಾಂದ್ರೆ ಒಳಗೊಂದ್ಸಲ ಹೊರಗೊಂದ್ಸಲ ಓಡಾಡ್ಕೊಂಡು ಇರ್ತೀರ.

ಇಷ್ಟೆಲ್ಲಾ ಮಾಡಿದ ಮೇಲೂ ರಾತ್ರಿ ಗಾಜು ಬೆಳ್ಳಗೆ ಕಂಡ್ರೆ ಕೊನೇ ಪ್ರಶ್ನೆಯ ಉತ್ತರ ಓದಿ, ಅದು ನಿಮಗೂ ಅನ್ವಯಿಸಬಹುದು.

ಪ್ರಶ್ನೆ: ನಮ್ಮದು ವೈಟ್‌ಫೀಲ್ಡ್ ಕಡೆ ಅಪಾರ್ಟ್‌ಮೆಂಟ್, ಪೂರ್ತಿ ಬೋರ್‌ವೆಲ್ ನೀರು. ಕಾರ್ ಕ್ಲೀನ್ ಮಾಡೋ ಹುಡುಗ ದಿನಾ ಒರೆಸ್ತಾನೆ, ಆದ್ರೂ ಗಾಜೆಲ್ಲಾ ಬಿಳಿ ಚುಕ್ಕೆ ಚುಕ್ಕೆ. ಗ್ಲಾಸ್ ಕ್ಲೀನರ್, ಶಾಂಪೂ ಎಲ್ಲಾ ಹಾಕಿ ನೋಡಿದ್ವಿ, ಒಂಚೂರೂ ಹೋಗಿಲ್ಲ. ಪಕ್ಕದ ಮನೆಯವರು ಬಾತ್‌ರೂಮ್ ಆಸಿಡ್ ಹಾಕಿ ಅಂತಿದ್ದಾರೆ. ಹಾಕಬಹುದಾ? (ಓದುಗರು, ಬೆಂಗಳೂರು)

ಉತ್ತರ: ದಯವಿಟ್ಟು ಬೇಡ ಮೇಡಂ. ಬಾತ್‌ರೂಮ್ ಆಸಿಡ್ಡಲ್ಲಿ ಕಲೆ ಹೋಗಬಹುದು, ಅದರ ಜೊತೆಗೆ ಗಾಜಿನ ಸುತ್ತ ಇರೋ ರಬ್ಬರ್ ಬೀಡಿಂಗ್, ಕ್ರೋಮ್ ಪಟ್ಟಿ, ಬಾನೆಟ್ಟಿನ ಪೇಂಟ್ ಎಲ್ಲಾ ಹಾಳಾಗತ್ತೆ, ಅದರ ಹೊಗೆ ಕುಡಿದ್ರೆ ಒರೆಸೋ ಹುಡುಗನ ಗಂಟಲೂ ಉರಿಯತ್ತೆ.

ನಿಮ್ಮ ಗಾಜಿನ ಮೇಲಿರೋದು ಕೊಳೆ ಅಲ್ಲ, ಕಲ್ಲು. ಬೋರ್ ನೀರಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಕರಗಿರತ್ತೆ, ನೀರು ಆವಿಯಾಗಿ ಹೋಗತ್ತೆ, ಅದು ಮಾತ್ರ ಗಾಜಿನ ಮೇಲೆ ಉಳ್ಕೊಳತ್ತೆ. ಗೀಸರ್ ಕಾಯಿಲ್ ಮೇಲೆ, ಬಿಸಿನೀರಿನ ಹಂಡೆ ತಳದಲ್ಲಿ ಬೆಳ್ಳಗೆ ಕಟ್ಟೋದೂ ಇದೇನೇ. ಸೋಪು, ಶಾಂಪೂ, ಗ್ಲಾಸ್ ಕ್ಲೀನರ್ ಇವೆಲ್ಲ ಜಿಡ್ಡು ಬಿಡ್ಸೋಕೆ ಮಾಡಿರೋದು, ಕಲ್ಲಿನ ಮೇಲೆ ಅದರ ಆಟ ನಡೆಯಲ್ಲ. ಇದಕ್ಕೆ ಹುಳಿ ಬೇಕು, ಆದ್ರೆ ಮೆದುವಾದ ಹುಳಿ. ಅಡುಗೆಗೆ ಬಳಸೋ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ಇಲ್ಲಾಂದ್ರೆ ದಿನಸಿ ಅಂಗಡೀಲಿ ಸಿಗೋ ನಿಂಬೆ ಉಪ್ಪನ್ನ (ಸಿಟ್ರಿಕ್ ಆಸಿಡ್) ಅರ್ಧ ಲೀಟರ್ ನೀರಿಗೆ ಒಂದು ಚಮಚ ಹಾಕಿ ಕರಗಿಸ್ಕೊಳ್ಳಿ. ಮೊದಲು ಗಾಜನ್ನ ನೀರು ಹಾಕಿ ತೊಳೆದು ಧೂಳು ತೆಗೀರಿ, ಆಮೇಲೆ ಒಂದು ಹಳೇ ಕಾಟನ್ ಬಟ್ಟೆಯನ್ನೋ ಟಿಶ್ಯೂ ಪೇಪರನ್ನೋ ಈ ನೀರಲ್ಲಿ ನೆನೆಸಿ ಚುಕ್ಕೆ ಇರೋ ಜಾಗಕ್ಕೆ ಅಂಟಿಸಿ ಹತ್ತು ನಿಮಿಷ ಬಿಡಿ. ಇಲ್ಲಿ ಕೆಲಸ ಮಾಡೋದು ಕೈಯ ಶಕ್ತಿ ಅಲ್ಲ, ನೆನೆಯೋ ಟೈಮು. ಸ್ಪ್ರೇ ಹೊಡೆದು ತಕ್ಷಣ ಉಜ್ಜಿದ್ರೆ ಹುಳಿಗೆ ಕರಗಿಸೋಕೆ ಸಮಯವೇ ಸಿಗಲ್ಲ, ಅದಕ್ಕೇ ತುಂಬಾ ಜನ "ವಿನೆಗರ್ ಟ್ರೈ ಮಾಡಿದ್ವಿ, ಆಗ್ಲಿಲ್ಲ" ಅಂತಾರೆ. ನೆಂದ ಮೇಲೆ ಮೆತ್ತಗೆ ಉಜ್ಜಿ, ತುಂಬಾ ನೀರು ಹಾಕಿ ತೊಳೀರಿ, ಪೇಂಟ್ ಮೇಲೆ ಇಳಿದಿದ್ರೆ ಅದನ್ನೂ ತೊಳೀರಿ, ಕೂಡಲೇ ಒಣ ಬಟ್ಟೇಲಿ ಒರೆಸಿ.

ವರ್ಷಗಟ್ಟಲೆ ಬಿಸಿಲಲ್ಲಿ ಕಾದು ಕಾದು ಕೂತಿರೋ ಕಲೆ ಇದ್ರೆ ವಿನೆಗರ್‌ಗೂ ಬಗ್ಗದೇ ಇರಬಹುದು. ಆಗ ಸೀರಿಯಂ ಆಕ್ಸೈಡ್ ಅನ್ನೋ ಪುಡಿ ಬರತ್ತೆ, ಗಾಜು ಪಾಲಿಶ್ ಮಾಡೋಕೇ ಇರೋದು, ನೀರಲ್ಲಿ ಪೇಸ್ಟ್ ಮಾಡಿ ಉಜ್ಜಬೇಕು. ಪಕ್ಕದ ಗಾಜುಗಳಿಗೆ ನೀವೇ ಕೈಯಲ್ಲಿ ಮಾಡ್ಕೋಬಹುದು, ಮುಂದಿನ ಗಾಜಿಗೆ ಮಾತ್ರ ಮೆಷಿನ್ ಹಿಡ್ಕೊಂಡು ಒಂದೇ ಜಾಗದಲ್ಲಿ ಉಜ್ಜೋಕೆ ಹೋಗ್ಬೇಡಿ, ಗಾಜು ಅಲ್ಲಿ ತಗ್ಗಾದ್ರೆ ರೋಡು ಅಲೆ ಅಲೆಯಾಗಿ ಕಾಣತ್ತೆ. ಅದನ್ನ ಕೆಲಸ ಗೊತ್ತಿರೋರ ಕೈಗೆ ಕೊಡಿ.

ಮತ್ತೆ ಬರದೇ ಇರೋಕೆ ಏನು ಮಾಡ್ಬೇಕು ಅಂದ್ರೆ, ಹುಡುಗನಿಗೆ ಹೇಳಿ, ಗಾಜಿನ ಮೇಲೆ ನೀರು ತಾನಾಗೇ ಒಣಗೋಕೆ ಬಿಡ್ಬಾರ್ದು. ಬೋರ್ ನೀರಲ್ಲೇ ತೊಳೀಲಿ ಪರವಾಗಿಲ್ಲ, ಆದ್ರೆ ಕೊನೇಗೆ ಒಂದು ಚೊಂಬು ಆರ್‌ಓ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ ಆಮೇಲೆ ಒಣ ಬಟ್ಟೆ ಹಾಕ್ಲಿ. ಆರ್‌ಓ ಮೆಷಿನ್ನಿಂದ ಹೊರಗೆ ಬಿಡೋ ವೇಸ್ಟ್ ನೀರನ್ನ ಕಾರಿಗೆ ಬಳಸ್ತೀವಿ ಅಂತ ಇಬ್ಬರು ಬರೆದಿದ್ದೀರ, ನೀರು ಉಳಿಸೋ ಯೋಚನೆ ಒಳ್ಳೇದೇ, ಅದರಲ್ಲಿ ನೆಲ ಒರೆಸಿ. ಬೇರ್ಪಡಿಸಿದ ಉಪ್ಪೆಲ್ಲಾ ಆ ನೀರಲ್ಲೇ ಇರೋದ್ರಿಂದ ಬೋರ್ ನೀರಿಗಿಂತಲೂ ಜಾಸ್ತಿ ಕಲೆ ಮಾಡತ್ತೆ. ಅಪಾರ್ಟ್‌ಮೆಂಟಲ್ಲಿ ವಾಟರ್ ಸಾಫ್ಟ್‌ನರ್ ಇದ್ರೆ ಅದರ ನೀರು ನಡೆಯತ್ತೆ, ಅದೂ ಒಣಗಿದ್ರೆ ಕಲೆ ಬೀಳತ್ತೆ ಆದ್ರೆ ಅದು ಸೋಡಿಯಂ ಉಪ್ಪು, ಒದ್ದೆ ಬಟ್ಟೆಗೆ ಸುಲಭವಾಗಿ ಬಂದ್ಬಿಡತ್ತೆ. ಇನ್ನು ಬೆಳಿಗ್ಗೆ ಗಾರ್ಡನ್ ಸ್ಪ್ರಿಂಕ್ಲರ್ ನೀರು ಬೀಳೋ ಜಾಗದಲ್ಲಿ ಪಾರ್ಕ್ ಮಾಡಿದ್ರೆ ಇದ್ಯಾವುದೂ ಪ್ರಯೋಜನ ಇಲ್ಲ, ಮೊದಲು ಜಾಗ ಬದಲಾಯಿಸಿ.

ಪ್ರಶ್ನೆ: ಪೇಪರಲ್ಲಿ ಗಾಜು ಒರೆಸಿದ್ರೆ ಪಳಪಳ ಅನ್ನತ್ತೆ ಅಂತ ನಮ್ಮಪ್ಪ ಯಾವಾಗ್ಲೂ ಹೇಳ್ತಾರೆ. ನಿಜಾನಾ? (ಓದುಗರು, ತುಮಕೂರು)

ಉತ್ತರ: ನಿಜ. ನ್ಯೂಸ್ ಪೇಪರ್ ನೂಲು ಬಿಡಲ್ಲ, ತೇವ ಚೆನ್ನಾಗಿ ಹೀರ್ಕೊಳತ್ತೆ, ಹೊರಗಡೆ ತೊಳೆದಾದ ಮೇಲೆ ಒರೆಸೋಕೆ ಈಗಲೂ ನಡೆಯತ್ತೆ. ಆದ್ರೆ ಮಸಿ ಕೈಗೆ, ಬಿಳಿ ಅಥವಾ ಕೆನೆ ಬಣ್ಣದ ಡೋರ್ ಪ್ಯಾಡಿಗೆ ಅಂಟತ್ತೆ, ಧೂಳಿರೋ ಗಾಜಿನ ಮೇಲೆ ಒಣ ಪೇಪರ್ ಎಳೆದ್ರೆ ಗೀರು ಬೀಳತ್ತೆ. ಮನೇಲಿ ಮೈಕ್ರೋಫೈಬರ್ ಇದ್ರೆ ಅದೇ ಮೇಲು. ಆ ಬಟ್ಟೆಯನ್ನ ಬೇರೆ ಬಟ್ಟೆ ಜೊತೆ ವಾಷಿಂಗ್ ಮೆಷಿನ್ನಿಗೆ ಹಾಕ್ಬೇಡಿ, ಕಂಫರ್ಟ್ ಥರದ ಫ್ಯಾಬ್ರಿಕ್ ಕಂಡೀಷನರ್ ಅಂತೂ ಮುಟ್ಟಿಸ್ಲೇಬೇಡಿ, ಅದರ ಪಸೆ ನೂಲಲ್ಲಿ ಕೂತ್ರೆ ಮುಂದೆ ಒರೆಸಿದಾಗೆಲ್ಲಾ ಗಾಜಿಗೆ ಅದೇ ಹತ್ತತ್ತೆ.

ಪ್ರಶ್ನೆ: ಮಳೆಗಾಲದಲ್ಲಿ ಆಗುಂಬೆ ಘಾಟಿ ಇಳಿಯುವಾಗ ಗ್ಲಾಸ್ ಪೂರ್ತಿ ಹಬೆ ಹಿಡಿದು ಏನೂ ಕಾಣಲ್ಲ, ಒಬ್ಬರು ಬಟ್ಟೆ ಹಿಡ್ಕೊಂಡು ಒರೆಸ್ತಾನೇ ಇರ್ಬೇಕು. ಎಸಿ ಹಾಕಿದ್ರೆ ಚಳಿ ಅಂತ ಮನೇಲಿ ಗಲಾಟೆ. ಬೇರೆ ದಾರಿ ಇದ್ಯಾ? (ಓದುಗರು, ತೀರ್ಥಹಳ್ಳಿ)

ಉತ್ತರ: ಎಸಿ ಹಾಕಿ, ಜೊತೆಗೆ ಬಿಸಿ ಕಡೆಗೆ ನಾಬ್ ತಿರುಗಿಸಿ. ಎಸಿ ಅಂದ್ರೆ ಬರೀ ತಂಪು ಅಂತ ನಾವು ಅಂದ್ಕೊಂಡಿರ್ತೀವಿ, ಅದು ಗಾಳಿಯಲ್ಲಿರೋ ತೇವವನ್ನೂ ತೆಗೆಯತ್ತೆ, ಗಾಡಿ ಕೆಳಗೆ ತೊಟ್ಟಿಕ್ಕೋ ನೀರು ಅದೇ. ಹೀಟರ್ ಇರೋ ಗಾಡೀಲಿ ಎಸಿಯಲ್ಲಿ ಒಣಗಿದ ಗಾಳಿಯನ್ನ ಬೆಚ್ಚಗೆ ಮಾಡ್ಕೊಂಡು ಗಾಜಿಗೆ ಬಿಟ್ರೆ ಹಬೆ ಅರ್ಧ ನಿಮಿಷದಲ್ಲಿ ಕರಗತ್ತೆ, ಮನೆಯವರಿಗೂ ಚಳಿ ಆಗಲ್ಲ. ಗಾಳಿ ದಿಕ್ಕಿನ ಬಟನ್ನನ್ನ ಮುಂದಿನ ಗಾಜಿನ ಚಿತ್ರ ಇರೋ ಕಡೆ ಇಡಿ. ಒಳಗಿನ ಗಾಳಿಯೇ ಸುತ್ತೋ ಬಟನ್, ಅದೇ ಕಾರಿನೊಳಗೆ ಬಾಣ ಸುತ್ತಿರೋ ಚಿತ್ರ ಇರತ್ತಲ್ಲ, ಅದನ್ನ ಆಫ್ ಮಾಡಿ, ಅದು ಆನ್ ಇದ್ರೆ ಐದು ಜನರ ಉಸಿರು, ಒದ್ದೆ ಛತ್ರಿ, ಒದ್ದೆ ಮ್ಯಾಟಿನ ತೇವ ಎಲ್ಲಾ ಒಳಗೇ ಸುತ್ತಾಡ್ತಿರತ್ತೆ. ಹತ್ತು ನಿಮಿಷ ಎಸಿ ಹಾಕಿ ಪಟ್ ಅಂತ ಆಫ್ ಮಾಡಿ ಫ್ಯಾನ್ ಮಾತ್ರ ಬಿಟ್ರೆ ಒಳಗಿನ ಒದ್ದೆ ಕಾಯಿಲ್ಲಿಂದ ತೇವ ಮತ್ತೆ ಗಾಳಿಗೆ ಬಂದು ಗಾಜು ಒಂದೇ ಸಲಕ್ಕೆ ಮುಚ್ಕೊಳತ್ತೆ. 14 ಹೇರ್‌ಪಿನ್ ತಿರುವಿರೋ ಘಾಟಿ ಮಧ್ಯದಲ್ಲಿ ಹೀಗಾಗೋದು ತುಂಬಾ ಅಪಾಯ, ಹಾಗಾಗಿ ಮೇಲೆ ಶುರು ಮಾಡಿದ್ರೆ ಸೋಮೇಶ್ವರ ಮುಟ್ಟೋ ತನಕ ಎಸಿ ಆಫ್ ಮಾಡ್ಬೇಡಿ.

ಕೆಳಗೆ ಇಳಿದ ಮೇಲೆ ಕರಾವಳಿ ಸೆಖೆಗೆ ಕೆಲವೊಮ್ಮೆ ಉಲ್ಟಾ ಆಗತ್ತೆ, ಎಸಿಯಿಂದ ಗಾಜು ತಣ್ಣಗಾಗಿ ಹೊರಗಡೆ ಮಂಜು ಹಿಡಿಯತ್ತೆ. ಬೆರಳಲ್ಲಿ ಒಳಗೆ ಒರೆಸಿ ನೋಡಿ, ಹೋಗ್ಲಿಲ್ಲ ಅಂದ್ರೆ ಅದು ಹೊರಗಿಂದು, ವೈಪರ್ ಒಂದ್ಸಲ ಹಾಕಿ, ಗಾಜಿಗೆ ಹೊಡೀತಿರೋ ತಣ್ಣನೆ ಗಾಳಿಯನ್ನ ಬೇರೆ ಕಡೆ ತಿರುಗಿಸಿ.

ಕೈಯಲ್ಲಿ, ಕರ್ಚೀಫಲ್ಲಿ ಒರೆಸೋದು ಬಿಟ್ಬಿಡಿ. ಕೈಯ ಜಿಡ್ಡು ಗಾಜಿಗೆ ಹತ್ತಿ ಮುಂದಿನ ಸಲ ಅಲ್ಲೇ ಮೊದಲು ಹಬೆ ಕೂರತ್ತೆ. ಒಳಗಡೆ ಜಿಡ್ಡಿಲ್ದೆ ಸ್ವಚ್ಛ ಇರೋ ಗಾಜಿಗೆ ಹಬೆ ಹಿಡಿಯೋದೂ ಕಡಿಮೆ. ಹಿಂದಿನ ಗಾಜಿನಲ್ಲಿ ಅಡ್ಡಡ್ಡ ತೆಳ್ಳನೆ ಗೆರೆ ಇದ್ರೆ ಅದು ಡಿಫಾಗರ್, ಅಂದ್ರೆ ಗಾಜನ್ನ ಬಿಸಿ ಮಾಡಿ ಹಬೆ ಓಡಿಸೋ ಗೆರೆ, ಅದನ್ನ ಒರೆಸುವಾಗ ಗೆರೆ ಹೋಗೋ ದಿಕ್ಕಲ್ಲೇ ಮೆತ್ತಗೆ ಒರೆಸಿ, ಬ್ಲೇಡ್ ಮುಟ್ಟಿಸಿದ್ರೆ ಗೆರೆ ಕಟ್ಟಾಗಿ ಅಷ್ಟು ಭಾಗ ಆಮೇಲೆ ಬಿಸಿಯಾಗಲ್ಲ.

ಪ್ರಶ್ನೆ: ನಮ್ಮ ಮನೆ ಕಡಲಿಗೆ ಹತ್ತಿರ ಉಂಟು. ಬೆಳಿಗ್ಗೆ ನೋಡಿದ್ರೆ ಗ್ಲಾಸಿನ ಮೇಲೆ ಅಂಟಂಟು ಪೌಡರ್ ಹಾಗೆ ಕೂತಿರ್ತದೆ, ಒಣ ಬಟ್ಟೆಯಲ್ಲಿ ಒರೆಸಿದ್ರೆ ಗೆರೆ ಗೆರೆ ಆಗ್ತದೆ. ಎಂಥ ಮಾಡುವುದು? (ಓದುಗರು, ಮಲ್ಪೆ)

ಉತ್ತರ: ಅದು ಉಪ್ಪು, ನೀರಲ್ಲಿ ಸಲೀಸಾಗಿ ಕರಗತ್ತೆ, ಯಾವ ಕೆಮಿಕಲ್ಲೂ ಬೇಡ. ಒರೆಸೋ ಮೊದಲು ಒಂದು ಬಕೆಟ್ ಬಾವಿ ನೀರು ಸುರೀರಿ, ಆಮೇಲೆ ಒರೆಸಿ. ಗಾಡಿ ಅಡಿಭಾಗಕ್ಕೂ ಆಗಾಗ ನೀರು ಹೊಡೀರಿ, ಗಾಜಿಗೆ ಉಪ್ಪಿಂದ ಏನೂ ಆಗಲ್ಲ, ತುಕ್ಕು ಹಿಡಿಯೋದು ಅಲ್ಲಿ.

ಪ್ರಶ್ನೆ: ಸಂಡೂರು ಮೈನ್ಸ್ ರೋಡಲ್ಲಿ ದಿನಾ ಓಡಾಡ್ತೀನಿ, ಕೆಂಪು ಧೂಳು. ವೈಪರ್ ಹಾಕಿದ್ರೆ ಗಾಜೆಲ್ಲಾ ಕೆಂಪು ರಾಡಿ, ಈಗ ವೈಪರ್ ಓಡೋ ಜಾಗದಲ್ಲಿ ಕಮಾನಿನ ಥರ ಗೀರು ಬಿದ್ದಿದೆ. ಜೊತೆಗೆ ಕಿರ್ ಕಿರ್ ಸದ್ದು. (ಓದುಗರು, ಹೊಸಪೇಟೆ)

ಉತ್ತರ: ಒಣ ಧೂಳಿನ ಮೇಲೆ ವೈಪರ್ ಹಾಕಿದ್ದೇ ಗೀರಿಗೆ ಕಾರಣ. ರೋಡಿನ ಧೂಳಲ್ಲಿ ಸಣ್ಣ ಮರಳಿನ ಕಣ ಇದ್ದೇ ಇರತ್ತೆ, ಅದು ಗಾಜಿಗಿಂತ ಗಟ್ಟಿ. ಗಡಸುತನ ಅಳೆಯೋ ಮೋಸ್ ಸ್ಕೇಲಲ್ಲಿ ಮರಳಿನ ಕ್ವಾರ್ಟ್ಜ್ 7, ಗಾಜು ಸುಮಾರು 5.5. ವೈಪರ್ ರಬ್ಬರ್ ಅಡಿ ಆ ಕಣ ಸಿಕ್ಕಾಕ್ಕೊಂಡು ಎಡಕ್ಕೂ ಬಲಕ್ಕೂ ಓಡಿದಾಗ ಗಾಜು ಗೀರದೆ ಇನ್ನೇನಾಗತ್ತೆ. ಹೊರಡೋ ಮೊದಲು ಒಂದು ಬಾಟ್ಲಿ ನೀರನ್ನ ಗಾಜಿನ ಮೇಲಿಂದ ಸುರೀರಿ, ಧೂಳು ತಾನಾಗೇ ಹರ್ಕೊಂಡು ಕೆಳಗೆ ಹೋಗ್ಲಿ. ಓಡಿಸ್ತಿರುವಾಗ ಧೂಳು ಬಿದ್ರೆ ಮೊದಲು ವಾಷರ್ ನೀರು ಧಾರಾಳವಾಗಿ ಹೊಡೆದು ಆಮೇಲೆ ವೈಪರ್ ಓಡಿಸಿ.

ಸದ್ದು ಬರೋದಕ್ಕೆ, ವೈಪರ್ ಎತ್ತಿ ರಬ್ಬರ್ ಅಂಚನ್ನ ಒದ್ದೆ ಬಟ್ಟೇಲಿ ಹಿಡಿದು ಈ ತುದಿಯಿಂದ ಆ ತುದಿಗೆ ಎಳೀರಿ, ಬಟ್ಟೆ ಮೇಲೆ ಕಪ್ಪು ಗೆರೆ ಬರ್ತಾನೇ ಇರತ್ತೆ, ಅದು ನಿಲ್ಲೋ ತನಕ ಎಳೀರಿ. ಅಂಚು ಗಟ್ಟಿಯಾಗಿದ್ರೆ, ಹರಿದಿದ್ರೆ, ಅಲೆ ಅಲೆಯಾಗಿದ್ರೆ ಬ್ಲೇಡ್ ಬದಲಾಯಿಸಿ. ನಮ್ಮ ಬಿಸಿಲಿಗೆ ರಬ್ಬರ್ ಒಂದು ವರ್ಷ ಬಾಳಿದ್ರೆ ಹೆಚ್ಚು, ಪ್ರತಿ ವರ್ಷ ಮುಂಗಾರಿಗೆ ಮುಂಚೆ ಮೇ ತಿಂಗಳಲ್ಲಿ ಹೊಸದು ಹಾಕಿಸ್ಕೊಂಡ್ರೆ ಮಳೆಯಲ್ಲಿ ಪರದಾಡೋದು ತಪ್ಪತ್ತೆ. ಹೊಸ ಬ್ಲೇಡ್ ಹಾಕಿದ್ರೂ ತಡೆದು ತಡೆದು ಓಡಿದ್ರೆ ಗಾಜಿನ ಮೇಲೆ ಮೇಣ ಕೂತಿದೆ ಅಂತ ಅರ್ಥ, ಕಾರ್ ವಾಷಲ್ಲಿ ವ್ಯಾಕ್ಸ್ ಹೊಡೆದಿರ್ತಾರೆ, ಐಪಿಎ ಹಾಕಿ ಒರೆಸಿ. ಉಗುರಿಗೆ ಸಿಗದಷ್ಟು ಸಣ್ಣ ಗೀರಾದ್ರೆ ಪಾಲಿಶಲ್ಲಿ ಸ್ವಲ್ಪ ಕಡಿಮೆ ಆಗಬಹುದು, ಉಗುರು ತಡೆಯೋ ಗೀರು ಹೋಗಲ್ಲ.

ಪ್ರಶ್ನೆ: ನಾನು ಟ್ಯಾಕ್ಸಿ ಓಡಿಸ್ತೀನಿ. ವಾಷರ್ ಟ್ಯಾಂಕಿಗೆ ಪಾತ್ರೆ ತೊಳೆಯೋ ಲಿಕ್ವಿಡ್ ಹಾಕ್ತಿದ್ದೆ, ಈಗ ನೀರೇ ಬರ್ತಿಲ್ಲ. ರಾತ್ರಿ ಟ್ರಿಪ್ಪಲ್ಲಿ ಹುಳ ಹೊಡೆದು ಗಾಜಿಗೆ ಅಂಟ್ಕೊಳತ್ತೆ, ಅದಕ್ಕೇನು ಮಾಡ್ಬೇಕು? (ಓದುಗರು, ಚಿತ್ರದುರ್ಗ)

ಉತ್ತರ: ಪಾತ್ರೆ ಲಿಕ್ವಿಡ್ ನೊರೆ ಜಾಸ್ತಿ, ಒಣಗಿದ್ರೆ ಪಸೆ ಉಳಿಯತ್ತೆ, ಬೋರ್ ನೀರಿನ ಜೊತೆ ಸೇರಿದ್ರಂತೂ ನಾಝಲ್ ತೂತಲ್ಲಿ ಗಟ್ಟಿಯಾಗಿ ಕೂತ್ಕೊಳತ್ತೆ. ಬಾನೆಟ್ ಮೇಲಿರೋ ನಾಝಲ್ ತೂತಿಗೆ ಸಣ್ಣ ಪಿನ್ ಹಾಕಿ ಮೆಲ್ಲಗೆ ಬಿಡಿಸಿ, ಟ್ಯಾಂಕ್ ಖಾಲಿ ಮಾಡಿ ಎರಡು ಸಲ ಒಳ್ಳೇ ನೀರು ತುಂಬಿ ಹೊಡೀರಿ. ಆಮೇಲೆ ಆರ್‌ಓ ನೀರು, ಅದಕ್ಕೆ ಅಂಗಡೀಲಿ ಸಿಗೋ ವಾಷರ್ ಫ್ಲೂಯಿಡ್ ಅದರ ಪ್ಯಾಕ್ ಮೇಲೆ ಬರೆದಿರೋ ಅಳತೆಗೆ ಹಾಕಿ. ನೀರು ಬರದೇ ಇದ್ದಾಗ ವಾಷರ್ ಬಟನ್ ಒತ್ತಿ ಹಿಡೀಬೇಡಿ, ಮೋಟರ್ ಸುಟ್ಟುಹೋಗತ್ತೆ.

ಹುಳದ ಕಲೆ ಒಣಗಿದ ಮೇಲೆ ವೈಪರ್ ಹಾಕಿದ್ರೆ ಇಡೀ ಗಾಜಿಗೆ ಬಳಿಯತ್ತೆ, ಅದಕ್ಕಿಂತ ಕಷ್ಟ ಬೇರೆ ಇಲ್ಲ. ಟೀ ಕುಡಿಯೋಕೆ ನಿಲ್ಸಿದಾಗ ನ್ಯೂಸ್ ಪೇಪರ್ ಪೂರ್ತಿ ನೆನೆಸಿ ಗಾಜಿನ ಮೇಲೆ ಹಾಸಿ, ಟೀ ಮುಗಿಯೋ ಹೊತ್ತಿಗೆ ಹುಳ ಮೆತ್ತಗಾಗಿರತ್ತೆ, ಪೇಪರ್ ಸಮೇತ ಎಳೆದ್ರೆ ಬರತ್ತೆ. ಹಕ್ಕಿ ಹಿಕ್ಕೆಗೂ ಇದೇ ಮಾಡಿ. ಪೆಟ್ರೋಲ್ ಬಂಕಲ್ಲಿ ಸಿಗೋ ಉದ್ದ ಕೋಲಿನ ಸ್ಪಾಂಜ್ ಬಳಸೋದಾದ್ರೆ ಬಕೆಟ್ಟಿನ ನೀರು ನೋಡಿ, ರಾಡಿ ಆಗಿದ್ರೆ ಬೇಡ, ಎಷ್ಟೋ ಲಾರಿಗಳ ಮಣ್ಣು ಅದರಲ್ಲಿರತ್ತೆ. ಮಳೆಗೆ ವೈಪರ್ ಕೆಟ್ಟಾಗ ಹಳೇ ಡ್ರೈವರ್‌ಗಳು ಬೀಡಿ ತಂಬಾಕನ್ನೋ ಹೆಚ್ಚಿದ ಆಲೂಗಡ್ಡೆಯನ್ನೋ ಗಾಜಿಗೆ ತಿಕ್ಕೋರಲ್ಲ, ಅದು ನೀರನ್ನ ಹನಿ ಕಟ್ಟದ ಹಾಗೆ ತೆಳ್ಳಗೆ ಹರಡೋದ್ರಿಂದ ಸ್ವಲ್ಪ ಹೊತ್ತು ದಾರಿ ಕಾಣ್ತಿತ್ತು. ದಾರಿ ಮಧ್ಯೆ ಕಷ್ಟಕ್ಕೆ ಬಂದ್ರೆ ಉಪಯೋಗಕ್ಕೆ ಬರತ್ತೆ, ಆದ್ರೆ ಮಾರನೇ ದಿನ ತೊಳೆದುಬಿಡಿ.

ಪ್ರಶ್ನೆ: ಆಯುಧ ಪೂಜೆಗೆ ಗಾಜಿಗೆ ಅರಿಶಿನ ಕುಂಕುಮ, ಗಂಧ ಹಚ್ಚಿದ್ವಿ, ಹಾರ ಕಟ್ಟೋಕೆ ಸೆಲ್ಲೋಟೇಪ್ ಹಾಕಿದ್ರು. ಈಗ ಕಲೆ, ಅಂಟು ಎರಡೂ ಇದೆ. ಹಳೇ ಫಾಸ್ಟ್ಯಾಗ್ ಕಿತ್ತ ಜಾಗದಲ್ಲೂ ಅಂಟು. ಸೀಮೆಎಣ್ಣೆ ಹಾಕಬಹುದಾ? (ಓದುಗರು, ಮೈಸೂರು)

ಉತ್ತರ: ಸೀಮೆಎಣ್ಣೆಗೆ ಅಂಟು ಬರತ್ತೆ, ಆದ್ರೆ ಅದರ ಎಣ್ಣೆ ಪಸೆ, ವಾಸನೆ ಉಳಿಯತ್ತೆ, ಒಳಗಡೆ ಗಾಜಿಗಂತೂ ಬೇಡ. ಹೇರ್ ಡ್ರೈಯರ್ ಇದ್ರೆ ಹದವಾಗಿ ಬಿಸಿ ಮಾಡಿ, ಅಂಟು ಮೆತ್ತಗಾದ ಮೇಲೆ ಹಳೇ ಎಟಿಎಂ ಕಾರ್ಡ್ ಅಂಚಲ್ಲಿ ತಳ್ಳಿ, ಉಳಿದಿದ್ದಕ್ಕೆ ಒಂದು ತೊಟ್ಟು ಕೊಬ್ಬರಿ ಎಣ್ಣೆ ಹಚ್ಚಿ ಐದು ನಿಮಿಷ ಬಿಟ್ಟು ಒರೆಸಿ, ಕೊನೇಗೆ ಆ ಎಣ್ಣೆ ಹೋಗೋಕೆ ಐಪಿಎ ಹಾಕಿ ಒರೆಸಿ. ಅರಿಶಿನ ಕುಂಕುಮ ಗಾಜಿನ ಒಳಕ್ಕೆ ಇಳಿಯಲ್ಲ, ಸೋಪು ನೀರಲ್ಲೇ ಹೋಗತ್ತೆ, ಕಲೆ ಉಳಿಯೋದು ರಬ್ಬರ್ ಬೀಡಿಂಗ್ ಮತ್ತು ವೈಪರ್ ಹತ್ರದ ಪ್ಲಾಸ್ಟಿಕ್ಕಲ್ಲಿ, ಅದನ್ನ ಮಾರನೇ ದಿನವೇ ತೊಳೀರಿ. ಮುಂದಿನ ಸಲ ಡ್ರೈವರ್ ಕಣ್ಣಿಗೆ ಅಡ್ಡ ಬರದ ಹಾಗೆ ಬಾನೆಟ್ ಮೇಲೆ ಅಥವಾ ಗಾಜಿನ ಮೇಲ್ತುದೀಲಿ ಹಚ್ಚಿ, ಪೂಜೆಗೆ ಅದರಿಂದ ಏನೂ ಕಡಿಮೆ ಆಗಲ್ಲ.

ಇದೇ ಊರಿಂದ ಇನ್ನೊಬ್ಬರು ಮರದಡಿ ನಿಲ್ಸಿದ್ರೆ ಗಾಜಿಗೆ ಅಂಟು ಹನಿ ಬೀಳತ್ತೆ ಅಂತ ಬರೆದಿದ್ದಾರೆ. ಹೆಚ್ಚಿನ ಸಲ ಅದು ಮರದ ಅಂಟಲ್ಲ, ಎಲೆಯ ರಸ ಹೀರೋ ಸಣ್ಣ ಹುಳಗಳು ಬಿಡೋ ಸಿಹಿ ದ್ರವ, ಮಾವು ಹೂ ಬಿಟ್ಟಾಗ ಜಾಸ್ತಿ. ಅದು ಸಕ್ಕರೆ ಆಗಿರೋದ್ರಿಂದ ಬೆಚ್ಚಗಿನ ನೀರಿಗೆ ಕರಗತ್ತೆ. ನಿಜವಾದ ಮರದ ಅಂಟಾದ್ರೆ ಐಪಿಎ.

ಪ್ರಶ್ನೆ: ಪಕ್ಕದ ಗಾಜು ಕೆಳಗಿಳಿಸಿ ಏರಿಸಿದಾಗೆಲ್ಲಾ ಉದ್ದುದ್ದ ಗೆರೆ. ಮಕ್ಕಳು ತಲೆ ಆನಿಸಿ ಎಣ್ಣೆ ಕಲೆ ಬೇರೆ. ಸನ್ ಫಿಲ್ಮ್ ಇದೆ, ಮನೇಲಿರೋ ಗ್ಲಾಸ್ ಕ್ಲೀನರ್ ಹಾಕಬಹುದಾ? (ಓದುಗರು, ಕಲಬುರಗಿ)

ಉತ್ತರ: ಅಮೋನಿಯಾ ಇರೋ ಕ್ಲೀನರ್ ಫಿಲ್ಮಿಗೆ ಬೇಡ, ಫಿಲ್ಮ್ ಗುಳ್ಳೆ ಏಳತ್ತೆ, ಬಣ್ಣ ಕೆಡತ್ತೆ, ಬಾಟ್ಲಿ ಹಿಂದೆ ಓದಿ ನೋಡಿ. ತಲೆ ಎಣ್ಣೆಗೆ ಬೆಚ್ಚಗಿನ ನೀರಿಗೆ ಎರಡು ಹನಿ ಬೇಬಿ ಶಾಂಪೂ ಸಾಕು. ಸ್ಯಾನಿಟೈಸರ್ ಉಳಿದಿದೆ ಅಂತ ಅದನ್ನ ಹಾಕ್ಬೇಡಿ, ಅದರಲ್ಲಿ ಕೈಗೆ ಮೆದುವಾಗ್ಲಿ ಅಂತ ಗ್ಲಿಸರಿನ್ ಇರತ್ತೆ, ಗಾಜು ಇನ್ನೂ ಮಬ್ಬಾಗತ್ತೆ. ಮತ್ತೆ ನಿಮ್ಮ ಫಿಲ್ಮ್ ಎಷ್ಟು ಕಪ್ಪಿದೆ ಅಂತಾನೂ ನೋಡ್ಕೊಳ್ಳಿ, ಮೋಟಾರು ವಾಹನ ನಿಯಮ 100ರ ಪ್ರಕಾರ ಮುಂದಿನ ಮತ್ತು ಹಿಂದಿನ ಗಾಜಿನಲ್ಲಿ ಕನಿಷ್ಠ 70%, ಪಕ್ಕದ ಗಾಜಿನಲ್ಲಿ 50% ಬೆಳಕು ದಾಟಬೇಕು, 2012ರಲ್ಲಿ ಸುಪ್ರೀಂ ಕೋರ್ಟ್ ಕಪ್ಪು ಫಿಲ್ಮ್ ವಿಷಯದಲ್ಲಿ ಗಟ್ಟಿಯಾಗೇ ಹೇಳಿದೆ.

ಗೆರೆ ಬೀಳ್ತಿರೋದು ಗಾಜು ಒಳಗೆ ಇಳಿಯೋ ಜಾಗದ ರಬ್ಬರ್ ಪಟ್ಟಿಯಲ್ಲಿ ಧೂಳು ಕೂತಿರೋದ್ರಿಂದ. ಗಾಜು ಇಳಿಸಿ, ಆ ಸಂದಿಯನ್ನ ಹಳೇ ಟೂತ್‌ಬ್ರಷ್ಷಲ್ಲಿ ಒದ್ದೆ ಮಾಡಿ ಉಜ್ಜಿ, ಬಟ್ಟೇಲಿ ಒರೆಸಿ. ಗಾಜು ಕ್ಲೀನ್ ಮಾಡುವಾಗ್ಲೂ ಮೊದಲು ಎರಡು ಬೆರಳಷ್ಟು ಇಳಿಸಿ ಮೇಲಿನ ಅಂಚು ಒರೆಸಿ, ಆಮೇಲೆ ಏರಿಸಿ ಉಳಿದಿದ್ದು ಮಾಡಿ. ಆ ಅಂಚಿನ ಕೊಳೆಯನ್ನ ಯಾರೂ ತೆಗೆಯಲ್ಲ, ಗಾಜು ಸ್ವಲ್ಪ ಇಳಿಸಿದ ತಕ್ಷಣ ಕಪ್ಪು ಪಟ್ಟಿ ಎದ್ದು ಕಾಣತ್ತೆ.

ಪ್ರಶ್ನೆ: ನನ್ನ ಗಾಡಿ ಹೆಚ್ಚಾಗಿ ಹೈವೇನಲ್ಲೇ ಓಡಿದೆ. ನೀವು ಹೇಳೋ ಎಲ್ಲಾ ಮಾಡಿದೀನಿ, ಒಳಗೂ ಹೊರಗೂ. ಆದ್ರೂ ಎದುರು ಬೆಳಕಿಗೆ ಗಾಜಲ್ಲಿ ಸಾವಿರಾರು ಚುಕ್ಕೆ ಮಿಣಮಿಣ ಅನ್ನತ್ತೆ. ಕೆಳಗೆ ಮೂಲೇಲಿ ಒಂದು ಸಣ್ಣ ಕಲ್ಲೇಟೂ ಇದೆ. (ಓದುಗರು, ದಾವಣಗೆರೆ)

ಉತ್ತರ: ಅದು ಕೊಳೆ ಅಲ್ಲ ಸರ್, ಗಾಜೇ ಸವೆದಿದೆ. ಮುಂದೆ ಹೋಗೋ ಗಾಡಿಗಳ ಚಕ್ರದಿಂದ ಸಿಡಿಯೋ ಮರಳು ವರ್ಷಗಟ್ಟಲೆ ಹೊಡೆದು ಹೊಡೆದು ಗಾಜಿನ ಮೇಲೆ ಸೂಜಿಮೊನೆಯಷ್ಟು ಹಳ್ಳ ಮಾಡಿದೆ, ಪ್ರತಿ ಹಳ್ಳವೂ ಬೆಳಕಿಗೆ ಮಿಂಚತ್ತೆ. ಬೆರಳಿನ ಉಗುರನ್ನ ಗಾಜಿನ ಮೇಲೆ ಮೆಲ್ಲಗೆ ಆಡಿಸಿ, ಸಣ್ಣಗೆ ತರಿತರಿ ಅನಿಸಿದ್ರೆ ಇದೇ. ಇದನ್ನ ಯಾವ ಲಿಕ್ವಿಡ್ಡೂ ತೆಗೆಯಲ್ಲ, ಟೂತ್‌ಪೇಸ್ಟ್ ಹಚ್ಚಿ ಉಜ್ಜಿ ಅನ್ನೋರ ಮಾತು ಕೇಳ್ಬೇಡಿ. ನಿಮಗೆ ರಾತ್ರಿ ಓಡಾಟ ಜಾಸ್ತಿ ಇದ್ರೆ ಗಾಜು ಬದಲಾಯಿಸಿ ಅಂತಾನೇ ನಾನು ಹೇಳೋದು, ದುಡ್ಡು ಖರ್ಚಾಗತ್ತೆ ನಿಜ, ಆದ್ರೆ ಹೆಡ್‌ಲೈಟ್ ಎಷ್ಟು ಚೆನ್ನಾಗಿದ್ರೂ ಅದನ್ನ ಈ ಗಾಜಿನ ಮೂಲಕವೇ ಅಲ್ವಾ ನೋಡ್ಬೇಕಾಗಿರೋದು.

ಕಲ್ಲೇಟಿನ ವಿಷಯ. ಮುಂದಿನ ಗಾಜು ಅಂದ್ರೆ ಎರಡು ಗಾಜಿನ ಮಧ್ಯೆ ಪಿವಿಬಿ ಅನ್ನೋ ಪ್ಲಾಸ್ಟಿಕ್ ಹಾಳೆ ಇಟ್ಟು ಒತ್ತಿರೋದು, ಅದಕ್ಕೇ ಒಡೆದ್ರೂ ಪುಡಿಯಾಗಿ ಮೈಮೇಲೆ ಬೀಳಲ್ಲ. ಆದ್ರೆ ಸಣ್ಣ ಏಟು ಬಿದ್ದಿರೋ ಗಾಜನ್ನ ಬಿಸಿಲಲ್ಲಿ ಕಾದಾಗ ತಣ್ಣೀರು ಸುರಿದು ತೊಳೆದ್ರೆ ಬಿರುಕು ಸರ್ ಅಂತ ಓಡತ್ತೆ, ಬೇಸಿಗೇಲಿ ಮಧ್ಯಾಹ್ನ ಹೀಗೆ ಬಿರುಕು ಬಿಟ್ಟ ಗಾಡಿಗಳು ನಮ್ಮ ಹತ್ರ ಬರ್ತಾನೇ ಇರ್ತವೆ. ಬದಲಾಯಿಸೋ ತನಕ ಬೆಳಿಗ್ಗೆ ಹೊತ್ತು ಮಾತ್ರ ತೊಳೀರಿ, ಏಟಿನ ಮೇಲೆ ಒಂದು ಚೂರು ಟೇಪ್ ಅಂಟಿಸಿಡಿ, ಧೂಳು ಮತ್ತು ನೀರು ಒಳಗೆ ಹೋಗ್ಬಾರ್ದು. ಕಾಂಪ್ರಹೆನ್ಸಿವ್ ಇನ್ಶೂರೆನ್ಸ್ ಇದ್ರೆ ಕಲ್ಲೇಟಿನ ಬಿರುಕಿಗೆ ಕ್ಲೇಮ್ ಬಗ್ಗೆ ಕೇಳಿ, ಬರೀ ಸವೆತಕ್ಕೆ ಅವರು ಕೊಡಲ್ಲ. ಗಾಜಿನ ಮೇಲ್ಭಾಗದಲ್ಲಿ ಕ್ಯಾಮೆರಾ ಇರೋ ಹೊಸ ಮಾಡೆಲ್ ಗಾಡಿ ಆದ್ರೆ ಗಾಜು ಹಾಕಿದ ಮೇಲೆ ಕ್ಯಾಮೆರಾನ ಮತ್ತೆ ಸೆಟ್ ಮಾಡಿಸ್ಬೇಕು, ಅದನ್ನ ಮೊದಲೇ ಕೇಳಿ ರೇಟ್ ಮಾತಾಡಿ. ಫಾಸ್ಟ್ಯಾಗ್ ಹಳೇ ಗಾಜಿನ ಜೊತೆ ಹೋಗತ್ತೆ, ಹೊಸದಕ್ಕೆ ಅರ್ಜಿ ಹಾಕಿ. ಗಾಜು ಕೂರಿಸಿದ ಮೇಲೆ ಒಂದೆರಡು ದಿನ ಪ್ರೆಶರ್ ವಾಷ್ ಮಾಡಿಸ್ಬೇಡಿ, ಡೋರ್ ಜೋರಾಗಿ ಹಾಕ್ಬೇಡಿ, ಸುತ್ತಲಿನ ಅಂಟು ಪೂರ್ತಿ ಗಟ್ಟಿಯಾಗೋಕೆ ಅಷ್ಟು ಸಮಯ ಬೇಕು.